ಊರಿನವರು ಏನಂದರು?



ಈ ದತ್ತಿ ಉಪನ್ಯಾಸಕ್ಕೆ ಯಾವ ವಿಷಯದ ಮೇಲೆ ಮಾತಾಡಲಿ ಎಂದು ಕೇಳಿದಾಗ ದತ್ತಿ ಇಟ್ಟವರು ಹೇಳಿದ್ದು ಇಷ್ಟೆ: ‘ಸಾಹಿತ್ಯವೇ ಆಗಬೇಕೆಂದಿಲ್ಲ. ನಮ್ಮ ತಾಯಿಯವರು ಸಂಜೆಯಾದರೆ ಟಿವಿ ಮುಂದೆ ಕೂರುತ್ತಿದ್ದರು, ಅದರೊಂದಿಗೆ ಜಗಳವನ್ನೂ ಆಡುತ್ತಿದ್ದರು.’ ಟಿವಿಯೊಂದಿಗೆ ಜಗಳ ಆಡುವವರ ಬಗ್ಗೆಯೇ ಮಾತಾಡೋಣ ಅನ್ನಿಸಿತು. ಅದರಲ್ಲೂ ಊರೂರು ಸುತ್ತಿ ಅಲ್ಲಲ್ಲಿಯ ಊಟ ತೋರಿಸುವ ಕಾರ್ಯಕ್ರಮಗಳನ್ನು ನೋಡಿದವರು ಏನು ಹೇಳುತ್ತಾರೆ, ಅದರಲ್ಲಿ ಯಾರ ಮಾತಿಗೆ ಎಷ್ಟು ತೂಕ ಎಂಬುದು ನನ್ನ ವಿಷಯ.

ಪತ್ರಿಕೆಯೊಂದರ ಪುರವಣಿಯಲ್ಲಿ ಟಿವಿ ಪುಟ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಓದುಗರ ಪತ್ರಗಳ ಕಟ್ಟು ನನ್ನ ಮೇಜಿಗೇ ಬರುತ್ತಿತ್ತು. ಧಾರಾವಾಹಿ ನೋಡುವವರು ಕಥೆ ಮುಂದೆ ಹೇಗೆ ಸಾಗಬೇಕು ಎಂದು ಸಲಹೆ ಕೊಡುತ್ತಿದ್ದರು. ಸುದ್ದಿ ನೋಡುವವರು ಬೈಯುತ್ತಿದ್ದರು. ಊಟ-ತಿರುಗಾಟದ ಕಾರ್ಯಕ್ರಮ ನೋಡಿದವರ ಕಾರ್ಡುಗಳಲ್ಲಿ ಮಾತ್ರ ಎರಡು ಬೇರೆ ಬೇರೆ ದನಿ ಕೇಳುತ್ತಿದ್ದವು. ದೂರದ ಊರಿನವರು ‘ನೋಡಿಯೇ ಬಾಯಲ್ಲಿ ನೀರೂರಿತು, ಖಾನಾವಳಿಯ ವಿಳಾಸ ತಿಳಿಸಿ’ ಎಂದು ಬರೆಯುತ್ತಿದ್ದರು. ತೋರಿಸಿದ ಊರಿನವರದು ಬೇರೆಯೇ ರಾಗ: ‘ನಮ್ಮ ಕಡೆ ಜೋಳದ ರೊಟ್ಟಿಗೆ ಎಣ್ಣೆ ಹಚ್ಚುವುದಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುತ್ತೇವೆ. ಇವರಿಗೆ ಯಾರು ಹೇಳಿಕೊಟ್ಟರೋ!’ ಮೊದಲನೆಯ ಬಗೆಯ ಪತ್ರಗಳೇ ಹೆಚ್ಚು. ಅಚ್ಚಾಗುತ್ತಿದ್ದದ್ದೂ ಅವೇ. ಆದರೆ ಒಂದು ಕಾರ್ಯಕ್ರಮದ ಯೋಗ್ಯತೆ ತಿಳಿಯಬೇಕಾದರೆ ಎರಡನೆಯ ಬಗೆಯ ಪತ್ರವನ್ನೇ ಓದಬೇಕು. ಈ ಹೊತ್ತು ನಾನು ಹೇಳಲು ಬಂದಿರುವುದು ಇದನ್ನೇ. ಉಳಿದದ್ದೆಲ್ಲ ಉದಾಹರಣೆ.

ಇಂಥ ಕಾರ್ಯಕ್ರಮಗಳಲ್ಲಿ ತಿಂದವರು ‘ಅದ್ಭುತ!’ ಅನ್ನುವುದು ಕಡ್ಡಾಯ. ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಮುಂದಿನ ಊರಿಗೆ ನಡೆಯುವುದು. ನೋಡುವವರಿಗೆ ಇದು ನಾಟಕ ಅಂತ ಗೊತ್ತು, ಆದರೂ ನೋಡುತ್ತಾರೆ. ಹಾಗಾಗಿಯೇ ಯಾರಾದರೂ ‘ಚೆನ್ನಾಗಿಲ್ಲ’ ಅಂದುಬಿಟ್ಟರೆ ಅದು ದಶಕಗಟ್ಟಲೆ ನೆನಪಿರುತ್ತದೆ. ಬಿಬಿಸಿಯ ಕೀತ್ ಫ್ಲಾಯ್ಡ್ 1985ರ ‘ಫ್ಲಾಯ್ಡ್ ಆನ್ ಫಿಶ್’ನಿಂದ ಹೆಸರಾದವನು. ಕೈಯಲ್ಲಿ ಸದಾ ವೈನ್ ಲೋಟ. ಒಲೆಯನ್ನು ಸ್ಟುಡಿಯೋದಿಂದ ಎತ್ತಿ ದೋಣಿಗೂ ಹೊಲಕ್ಕೂ ಸಾಗಿಸಿದವನು. ಕೆಮರಾದವನನ್ನು ಹೆಸರು ಹಿಡಿದು ಕರೆದು, ನನ್ನ ಮುಖ ಬಿಟ್ಟು ಬಾಣಲೆ ತೋರಿಸು ಎಂದು ಗದರುತ್ತಿದ್ದ. 1987ರಲ್ಲಿ ಅವನು ಫ್ರಾನ್ಸಿನಲ್ಲಿ ತಿರುಗಿದ. ಬಾಸ್ಕ್ ಸೀಮೆಯ ಗೃಹಿಣಿಯೊಬ್ಬಳ ಅಡುಗೆಮನೆಯಲ್ಲಿ ನಿಂತು ಅವಳ ನಾಡಿನದೇ ತಿನಿಸಾದ ಪಿಪೆರಾಡ್ ಮಾಡಿದ. ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ ಬಾಡಿಸಿ ಮೊಟ್ಟೆ ಒಡೆದು ಹಾಕುವ ಪಲ್ಯದಂಥದ್ದು ಅದು. ಆಕೆ ರುಚಿ ನೋಡಿದಳು, ಮುಖ ಗಂಟಿಕ್ಕಿದಳು, ಇದು ಸರಿಯಿಲ್ಲ ಎಂದು ತನ್ನ ಭಾಷೆಯಲ್ಲಿ ಒಂದೊಂದಾಗಿ ತಪ್ಪು ಎತ್ತಿ ಆಡಿದಳು. ಫ್ಲಾಯ್ಡ್ ಆ ಬೈಗುಳವನ್ನೆಲ್ಲ ಕೆಮರಾ ಕಡೆ ತಿರುಗಿ ಇಂಗ್ಲಿಷಿಗೆ ಅನುವಾದ ಮಾಡುತ್ತಾ ಹೋದ. ಅದನ್ನು ಕತ್ತರಿಸಿ ಬಿಸಾಡಬಹುದಿತ್ತು, ಬಿಸಾಡಲಿಲ್ಲ. ಫ್ಲಾಯ್ಡ್ 2009ರಲ್ಲಿ ತೀರಿಕೊಂಡ. ಅವನ ಬಗ್ಗೆ ಮಾತಾಡುವವರು ಅವನು ಚೆನ್ನಾಗಿ ಮಾಡಿದ ನೂರು ಅಡುಗೆ ಮರೆತರೂ ಈ ಕೆಟ್ಟ ಪಿಪೆರಾಡ್ ಮರೆತಿಲ್ಲ.

ಹಾಗಾದರೆ ಚಾನೆಲ್ಲಿನವರು ಯಾರ ಮಾತು ಕೇಳುತ್ತಾರೆ? ಅಂಕಿಯ ಮಾತು. ನಮ್ಮ ದೇಶದಲ್ಲಿ ಬಾರ್ಕ್ ಸಂಸ್ಥೆ 50,000ಕ್ಕೂ ಹೆಚ್ಚು ಮನೆಗಳ ಟಿವಿಗೆ ಮೀಟರ್ ಕೂರಿಸಿ ಯಾರು ಯಾವ ಚಾನೆಲ್ ಹಾಕಿಕೊಂಡಿದ್ದರು ಎಂದು ಲೆಕ್ಕ ತೆಗೆಯುತ್ತದೆ. ಟಿವಿ ಉರಿಯುತ್ತಿತ್ತು ಎಂಬುದಷ್ಟೇ ಆ ಲೆಕ್ಕಕ್ಕೆ ಗೊತ್ತು. ಮುಂದೆ ಕೂತವರು ಖುಷಿಪಟ್ಟರೋ, ಹಲ್ಲು ಕಡಿದರೋ, ಸೊಪ್ಪು ಬಿಡಿಸುತ್ತಾ ಸುಮ್ಮನೆ ಹಾಕಿಕೊಂಡಿದ್ದರೋ ಅದಕ್ಕೆ ತಿಳಿಯದು. ಬಿಬಿಸಿ ಈ ವಿಷಯದಲ್ಲಿ ಸ್ವಲ್ಪ ಮೇಲು. 1936ರಲ್ಲೇ ರಾಬರ್ಟ್ ಸಿಲ್ವಿ ಎಂಬಾತನನ್ನು ಕರೆಸಿ ಕೇಳುಗರ ಅಭಿಪ್ರಾಯ ಸಂಗ್ರಹಿಸುವ ವಿಭಾಗ ಶುರುಮಾಡಿತು. ಎಷ್ಟು ಜನ ನೋಡಿದರು ಎಂಬುದರ ಜೊತೆಗೆ, ನೋಡಿದವರು ಎಷ್ಟು ಮೆಚ್ಚಿದರು ಎಂಬುದಕ್ಕೂ ಅಲ್ಲಿ ಅಂಕ ಕೊಡುವ ಪದ್ಧತಿ ಬೆಳೆಯಿತು. ಆದರೂ ಆ ಅಂಕದಲ್ಲಿ ಲಂಡನ್ನಿನಲ್ಲಿ ಕೂತು ಬಾಸ್ಕ್ ಊಟ ನೋಡಿದವನೂ ಬಾಸ್ಕ್ ಸೀಮೆಯವಳೂ ಬೇರೆ ಬೇರೆ ಅಲ್ಲ. ಹೆಚ್ಚಿನ ಪಾಲು ಅವಳು ಆ ಲೆಕ್ಕದೊಳಗೇ ಇಲ್ಲ.

ಈಗ ಇವತ್ತಿನ ಮುಖ್ಯ ಮನುಷ್ಯನ ಹತ್ತಿರ ಬರುತ್ತೇನೆ. ಆಂಥನಿ ಬೋರ್ಡೇನ್. ನ್ಯೂಯಾರ್ಕಿನ ಹೋಟೆಲುಗಳಲ್ಲಿ ಅಡುಗೆಯವನಾಗಿದ್ದವನು. 2000ದಲ್ಲಿ ‘ಕಿಚನ್ ಕಾನ್ಫಿಡೆನ್ಷಿಯಲ್’ ಎಂಬ ಪುಸ್ತಕ ಬರೆದು, ಹೋಟೆಲಿನ ಅಡುಗೆಮನೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಬಯಲಿಗೆಳೆದ. ಆಮೇಲೆ ಟಿವಿ. ‘ಎ ಕುಕ್ಸ್ ಟೂರ್’ ಆಯಿತು, 2005ರಲ್ಲಿ ಟ್ರಾವೆಲ್ ಚಾನೆಲ್ಲಿನಲ್ಲಿ ‘ನೋ ರಿಸರ್ವೇಷನ್ಸ್’ ಶುರುವಾಯಿತು, 2013ರಿಂದ ಸಿಎನ್ಎನ್‌ನಲ್ಲಿ ‘ಪಾರ್ಟ್ಸ್ ಅನ್‌ನೋನ್’. 2018ರ ಜೂನ್ 8ರಂದು ಫ್ರಾನ್ಸಿನಲ್ಲಿ ಅವನು ತಾನಾಗಿಯೇ ಜೀವ ತೆಗೆದುಕೊಂಡಾಗ ಅವನು ಕೂತು ಉಂಡ ಎಷ್ಟೋ ಊರುಗಳಲ್ಲಿ ತಮ್ಮವನೇ ಹೋದಂತೆ ದುಃಖಪಟ್ಟವರಿದ್ದರು. ಪ್ರವಾಸಿಯೊಬ್ಬನಿಗೆ ಇಷ್ಟು ಪ್ರೀತಿ ಹೇಗೆ ದಕ್ಕಿತು? ಒಳ್ಳೆಯ ಕಂತುಗಳಿಂದ ಮಾತ್ರ ಅಲ್ಲ. ಬೈಸಿಕೊಂಡ ಕಂತುಗಳಿಂದಲೂ ಇದಕ್ಕೆ ಉತ್ತರ ಸಿಗುತ್ತದೆ.

2008ರ ರೊಮೇನಿಯಾ ಕಂತನ್ನೇ ನೋಡಿ. ಬೋರ್ಡೇನ್ ತನ್ನ ರಷ್ಯನ್ ಗೆಳೆಯ ಜಮೀರ್ ಜೊತೆ ಅಲ್ಲಿಗೆ ಹೋದ. ಡ್ರಾಕುಲಾ ಹೆಸರು ಹೇಳಿಕೊಂಡು ಪ್ರವಾಸಿಗಳನ್ನು ಸೆಳೆಯುವ ಜಾಗಗಳು, ಕೆಮರಾ ಬರುತ್ತದೆ ಎಂದು ಸಿಂಗರಿಸಿಕೊಂಡು ನಿಂತ ಜಾನಪದ, ಬೇಸರ ಮುಚ್ಚಿಡಲಾಗದ ನಿರೂಪಕ. ಕಂತು ಪ್ರಸಾರವಾದ ಮೇಲೆ ರೊಮೇನಿಯಾದವರು ಮೈಮೇಲೆ ಬಂದವರಂತೆ ಸಿಟ್ಟಾದರು. ನಮ್ಮ ನಾಡು ಇಷ್ಟೇನಾ, ನಮ್ಮ ನಿಜವಾದ ಊಟ ಎಲ್ಲಿ, ಡ್ರಾಕುಲಾ ಬಿಟ್ಟರೆ ನಮ್ಮಲ್ಲಿ ಬೇರೇನೂ ಇಲ್ಲವಾ ಎಂಬುದು ಆಕ್ಷೇಪದ ತಿರುಳು. ರೊಮೇನಿಯಾದ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸರ್ಮಾಲೆ ಇದೆ. ಹುಳಿಬರಿಸಿದ ಕೋಸಿನ ಎಲೆಯೊಳಗೆ ಕೊಚ್ಚಿದ ಮಾಂಸ, ಅಕ್ಕಿ ಸೇರಿಸಿ ಸುತ್ತಿ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವುದು. ಪಕ್ಕದಲ್ಲಿ ಮಾಮಾಲಿಗಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಹೌದು, ಮುದ್ದೆಯೇ. ಕೋಲು ಹಾಕಿ ತಿರುವುವುದೂ ಉಂಟು. ಮುದ್ದೆ ಉಣ್ಣುವ ಜನರ ಸಿಟ್ಟು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?

ಈ ಸಿಟ್ಟಿನಲ್ಲಿ ಒಂದು ಪಾಲು ಅಭಿಮಾನ, ಅದನ್ನು ಬದಿಗಿಡೋಣ. ಊರಿನ ಮಾನ ಕಾಯಲು ಹೊರಟವರ ಮಾತನ್ನೆಲ್ಲ ವಿಮರ್ಶೆ ಎಂದು ಒಪ್ಪಿಕೊಳ್ಳಲಾಗದು. ಆದರೆ ಇನ್ನೊಂದು ಪಾಲಿನಲ್ಲಿ ನಿಖರವಾದ ತೀರ್ಪಿತ್ತು: ನೀನು ನಮ್ಮ ಮನೆಗೆ ಬರಲಿಲ್ಲ, ಪ್ರವಾಸಿಗಳಿಗೆಂದು ಕಟ್ಟಿದ ಮಂಟಪಕ್ಕೆ ಬಂದು ಹೋದೆ. ನನ್ನ ಅಭಿಪ್ರಾಯ ಕೇಳಿದರೆ, ಆ ಕಂತು ನೋಡಲು ತಮಾಷೆಯಾಗಿಯೇ ಇದೆ. ಹೊರಗಿನವನಾಗಿ ನಾನು ನಕ್ಕಿದ್ದೇನೆ. ನನ್ನ ನಗುವಿಗಿಂತ ಅವರ ಸಿಟ್ಟಿಗೆ ಹೆಚ್ಚು ಬೆಲೆ ಎಂದೂ ಹೇಳುತ್ತೇನೆ.

ಇದಕ್ಕಿಂತ ಎರಡು ವರ್ಷ ಹಿಂದೆ, 2006ರ ಜುಲೈನಲ್ಲಿ, ಅದೇ ತಂಡ ಬೈರೂತಿಗೆ ಹೋಗಿತ್ತು. ಊಟ, ಸಮುದ್ರದಂಡೆ, ರಾತ್ರಿಯ ಗಲಾಟೆ, ಇಂಥವನ್ನು ಚಿತ್ರೀಕರಿಸುವುದು ಉದ್ದೇಶ. ಜುಲೈ 12ರಂದು ಇಸ್ರೇಲ್ ಮತ್ತು ಹೆಜ್ಬೊಲ್ಲಾ ನಡುವೆ ಯುದ್ಧ ಹತ್ತಿಕೊಂಡಿತು. ವಿಮಾನ ನಿಲ್ದಾಣದ ಮೇಲೆ ಬಾಂಬು ಬಿತ್ತು. ತಂಡ ಹೋಟೆಲಿನಲ್ಲಿ ಸಿಕ್ಕಿಹಾಕಿಕೊಂಡು, ಈಜುಕೊಳದ ಪಕ್ಕದಲ್ಲಿ ನಿಂತು ನಗರದ ಮೇಲೆ ಏಳುತ್ತಿದ್ದ ಹೊಗೆ ನೋಡಿತು. ಕೊನೆಗೆ ಅಮೆರಿಕದ ನೌಕಾಪಡೆಯ ಹಡಗು ಹತ್ತಿ ಹೊರಬಂತು. ಇದನ್ನು ಊಟದ ಕಾರ್ಯಕ್ರಮ ಎಂದು ಪ್ರಸಾರ ಮಾಡುವುದು ಬೋರ್ಡೇನ್‌ಗೇ ಇಷ್ಟವಿರಲಿಲ್ಲ. ಆಗಸ್ಟ್‌ನಲ್ಲಿ ಪ್ರಸಾರವಾಯಿತು, ಮಾರನೆಯ ವರ್ಷ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಪಟ್ಟಿಗೂ ಬಂತು. ಊಟವೇ ಸರಿಯಾಗಿ ಇಲ್ಲದ ಊಟದ ಕಾರ್ಯಕ್ರಮ! ಆದರೆ ತಟ್ಟೆಯ ಸುತ್ತ ಕೂತವರ ಬದುಕು ಬಿಟ್ಟು ತಟ್ಟೆಯನ್ನು ಮಾತ್ರ ತೋರಿಸಲಾಗದು ಎಂಬುದು ಅವನಿಗೆ ಅಲ್ಲಿ ಮನದಟ್ಟಾಯಿತು. ಮುಂದಿನ ಕಾರ್ಯಕ್ರಮಗಳ ದಾರಿ ಬದಲಾದದ್ದು ಬೈರೂತಿನಿಂದ ಎಂದು ಅವನೇ ಹೇಳುತ್ತಿದ್ದ. 2010ರಲ್ಲೂ 2015ರಲ್ಲೂ ಮತ್ತೆ ಅಲ್ಲಿಗೆ ಹೋದ. ಹಾಗಿದ್ದೂ ನಡುವೆ ರೊಮೇನಿಯಾ ಕಂತು ಬಂತು ಎಂಬುದನ್ನು ಗಮನಿಸಿ. ಕಲಿತ ಪಾಠ ಪ್ರತಿ ಊರಿನಲ್ಲೂ ನೆನಪಿಗೆ ಬರುತ್ತದೆ ಎನ್ನಲಾಗದು.

ನೋಡುಗರ ಅಭಿಪ್ರಾಯಗಳಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ನಾಟಿದ್ದು 2013ರ ಜೆರುಸಲೇಮ್, ಪಶ್ಚಿಮ ದಂಡೆ, ಗಾಜಾ ಕಂತಿನದು. ಗಾಜಾದ ಅಡುಗೆಯ ಬಗ್ಗೆ ಬರೆದಿರುವ ಲೈಲಾ ಅಲ್-ಹದ್ದಾದ್ ಅವರ ಜೊತೆ ಅವನು ಅಲ್ಲಿಯ ಒಂದು ಮನೆಯಲ್ಲಿ ಊಟಕ್ಕೆ ಕೂತ. ಆ ಕಂತಿಗಾಗಿ ಮಾರನೆಯ ವರ್ಷ ಅಮೆರಿಕದ ಮುಸ್ಲಿಂ ಪಬ್ಲಿಕ್ ಅಫೇರ್ಸ್ ಕೌನ್ಸಿಲ್ ಅವನಿಗೆ ಪುರಸ್ಕಾರ ಕೊಟ್ಟಿತು. ಸ್ವೀಕರಿಸುವಾಗ ಅವನ ಮಾತಿನಲ್ಲಿ ಹೆಮ್ಮೆಗಿಂತ ಬೇಸರವಿತ್ತು. ಸಾಮಾನ್ಯ ಜನ ಅಡುಗೆ ಮಾಡುವುದನ್ನು, ಮಕ್ಕಳೊಂದಿಗೆ ಕೂತು ಉಣ್ಣುವುದನ್ನು ತೋರಿಸಿದ್ದಕ್ಕೆ ಇಷ್ಟೊಂದು ಮೆಚ್ಚುಗೆ ಬರುತ್ತದೆಂದರೆ, ಅಷ್ಟನ್ನೂ ಈವರೆಗೆ ಯಾರೂ ತೋರಿಸಿರಲಿಲ್ಲ ಎಂದಾಯಿತಲ್ಲ ಎಂಬರ್ಥದಲ್ಲಿ ಮಾತಾಡಿದ. ರುಚಿ ಹೇಗಿತ್ತು ಎಂದು ಆ ನೆಲದ ನೋಡುಗರು ಕೇಳಲಿಲ್ಲ. ನಾವು ಊಟ ಮಾಡುವುದನ್ನು ತೋರಿಸಿದಿರಿ, ಉಪಕಾರವಾಯಿತು ಎಂದರು. ಹೊರಗಿನ ನೋಡುಗರಿಗೆ ಅದು ನೂರರಲ್ಲಿ ಒಂದು ಊಟದ ದೃಶ್ಯ. ಇದನ್ನು ಯಾವ ಮೀಟರ್ ಅಳೆಯುತ್ತದೆ?

ಇನ್ನು ‘ವಿಳಾಸ ಕೊಡಿ’ ಎನ್ನುವ ನೋಡುಗರ ವಿಷಯ. ಅವರನ್ನು ಅಲ್ಲಗಳೆಯಬೇಡಿ, ಅವರ ಕೈಯಲ್ಲಿ ದುಡ್ಡಿದೆ. 1982ರಲ್ಲಿ ಬಿಬಿಸಿಯಲ್ಲಿ ಮಧುರ್ ಜಾಫ್ರಿ ಕೋಳಿಗೆ ನಿಂಬೆರಸ, ಕೊತ್ತಂಬರಿ ಸೊಪ್ಪು ಹಾಕಿ ತೋರಿಸಿದ ಮಾರನೆಯ ದಿನ ಮ್ಯಾಂಚೆಸ್ಟರಿನಲ್ಲಿ ಕೊತ್ತಂಬರಿ ಸೊಪ್ಪೇ ಸಿಗಲಿಲ್ಲ ಎಂದು ಅವರು ನೆನಪಿಸಿಕೊಳ್ಳುತ್ತಾರೆ. ಕಾರ್ಡು ಬರೆಯದೆಯೂ ಅಭಿಪ್ರಾಯ ಹೇಳುವ ಬಗೆ ಇದು. ಬೋರ್ಡೇನ್‌ಗೆ ಈ ಬಲದ ಬಗ್ಗೆ ಭಯವಿತ್ತು. 2010ರಲ್ಲಿ ರೋಮ್ ನಗರದ ಕಂತನ್ನು ಅವನು ಕಪ್ಪುಬಿಳುಪಿನಲ್ಲಿ ತೆಗೆದ. ಚೀಸಿನ ಬಟ್ಟಲಿನಲ್ಲಿ ಬಡಿಸುವ, ಮೆಣಸು ಮತ್ತು ಚೀಸ್ ಮಾತ್ರ ಬೆರೆಸಿದ ಪಾಸ್ತಾವನ್ನು ಕಣ್ಣರಳಿಸಿ ತಿಂದ. ಆದರೆ ಹೋಟೆಲಿನ ಹೆಸರು ಹೇಳುವುದಿಲ್ಲ ಎಂದ. ಹೇಳಿದರೆ ಜನ ಮುತ್ತಿಕೊಂಡು ಅದು ಕೆಟ್ಟುಹೋಗುತ್ತದೆ ಎಂಬ ಕಾಳಜಿ. ನೋಡುಗರು ಬಿಟ್ಟಾರೆಯೇ? ಅದು ತ್ರಾಸ್ತೆವೆರೆ ಬಡಾವಣೆಯ ರೋಮಾ ಸ್ಪಾರಿತಾ ಎಂದು ಪತ್ತೆ ಮಾಡಿಯೇ ಬಿಟ್ಟರು.

ಹನೋಯಿಯ ಕಥೆ ನಿಮಗೆ ಗೊತ್ತಿರಬಹುದು. 2016ರ ಮೇ ತಿಂಗಳಲ್ಲಿ ವಿಯೆಟ್ನಾಮಿಗೆ ಬಂದಿದ್ದ ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಮತ್ತು ಬೋರ್ಡೇನ್ ‘ಬುನ್ ಚಾ ಹುವಾಂಗ್ ಲಿಯೆನ್’ ಎಂಬ ಸಾಧಾರಣ ಹೋಟೆಲಿನಲ್ಲಿ, ಹಿಡಿಯಷ್ಟೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎದುರುಬದುರಾಗಿ ಕೂತು ಉಂಡರು. ಕೆಂಡದಲ್ಲಿ ಸುಟ್ಟ ಹಂದಿಮಾಂಸ, ಮೀನಿನ ಸಾರದ ಸಿಹಿಹುಳಿ ರಸ, ಅಕ್ಕಿ ಶಾವಿಗೆ, ಒಂದು ರಾಶಿ ಹಸಿ ಸೊಪ್ಪು. ಬಿಲ್ಲು 6 ಡಾಲರ್, ಕೊಟ್ಟವನು ಬೋರ್ಡೇನ್. ಪ್ರಪಂಚವೆಲ್ಲ ‘ಎಷ್ಟು ಸರಳ ಮನುಷ್ಯ ಒಬಾಮ’ ಎಂದಿತು. ಇದು ದೂರದ ನೋಡುಗರ ಅಭಿಪ್ರಾಯ. ಬುನ್ ಚಾ ಹನೋಯಿಯವರಿಗೆ ಮಧ್ಯಾಹ್ನದ ಊಟ, ಇವರಿಬ್ಬರು ಕೂತದ್ದು ರಾತ್ರಿ. ಇದು ಕಣ್ಣಿಗೆ ಬೀಳುವುದು ಊರಿನವರಿಗೆ ಮಾತ್ರ. ಮಧ್ಯಾಹ್ನದ ಊಟದ ಹೊತ್ತಿಗೆ ಯಾರಾದರೂ ಅತಿಥಿಗೆ ಮಸಾಲೆ ದೋಸೆ ಬಡಿಸಿದರೆ ನಮ್ಮ ಅತ್ತೆ-ಚಿಕ್ಕಮ್ಮಂದಿರ ಹುಬ್ಬು ಏರುವುದಿಲ್ಲವೇ, ಹಾಗೆ. ಹೋಟೆಲಿನವರಂತೂ ಲೆಕ್ಕಾಚಾರದಲ್ಲಿ ಹಿಂದೆ ಬೀಳಲಿಲ್ಲ. ಊಟದ ಪಟ್ಟಿಯಲ್ಲಿ ‘ಒಬಾಮ ಕಾಂಬೋ’ ಬಂತು. ಅವರು ಕೂತಿದ್ದ ಮೇಜಿಗೆ, ತಟ್ಟೆ-ಬಾಟಲಿ ಸಮೇತ, ಗಾಜಿನ ಪೆಟ್ಟಿಗೆ ಹಾಕಿಸಿದರು. ಊರಿನವರ ಅಭಿಪ್ರಾಯ ಎಂದಾಗ ಇದೂ ಒಂದು ಎಂದು ಒಪ್ಪಿಕೊಳ್ಳಬೇಕು. ಊರಿನವರೆಲ್ಲರೂ ಪರಂಪರೆಯ ಕಾವಲುಗಾರರಲ್ಲ, ಅಂಗಡಿ ನಡೆಸುವವರೂ ಅವರಲ್ಲಿದ್ದಾರೆ.

ಇಲ್ಲಿಂದ ನಮ್ಮ ನಾಡಿಗೆ ದಾರಿಯಿದೆ. ಬೋರ್ಡೇನ್ ಸತ್ತ ಮರುತಿಂಗಳು, 2018ರ ಜುಲೈನಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಚಾನೆಲ್ ‘ಗಾರ್ಡನ್ ರಾಮ್ಸೆ: ಅನ್‌ಚಾರ್ಟೆಡ್’ ಎಂಬ ಹೊಸ ಕಾರ್ಯಕ್ರಮ ಪ್ರಕಟಿಸಿತು. ಬೈಗುಳಕ್ಕೆ ಹೆಸರಾದ ಬ್ರಿಟಿಷ್ ಬಾಣಸಿಗ ರಾಮ್ಸೆ ದೂರದೂರದ ನಾಡುಗಳಿಗೆ ಹೋಗಿ, ಅಲ್ಲಿಯ ಅಡುಗೆ ಕಲಿತು, ಕೊನೆಗೆ ಅಲ್ಲಿಯವರೊಂದಿಗೇ ಪೈಪೋಟಿಗೆ ನಿಲ್ಲುತ್ತಾನೆ ಎಂಬುದು ಪ್ರಕಟಣೆಯ ಸಾರ. ಒಂದು ಕಂತೂ ಚಿತ್ರೀಕರಣವಾಗುವ ಮೊದಲೇ ಜನ ತಿರುಗಿಬಿದ್ದರು. ವಾರದ ಹಿಂದೆ ಕಲಿತವನು ಅಜ್ಜಿಯರಿಗೆ ಅವರದೇ ಅಡುಗೆ ಮಾಡಿ ತೋರಿಸುವುದು ವಸಾಹತುಶಾಹಿ ಬುದ್ಧಿಯಲ್ಲವೇ ಎಂದು ಕೇಳಿದರು. ನೋಡದೆಯೇ ಅಭಿಪ್ರಾಯ ಹೇಳುವುದು ಸರಿಯೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಸರಿಯಲ್ಲ. ಇಲ್ಲಿ ಜನ ತೀರ್ಪು ಕೊಟ್ಟದ್ದು ಅಡುಗೆಗಲ್ಲ, ಕರೆಯೋಲೆಯ ಭಾಷೆಗೆ. 2019ರಲ್ಲಿ ಕಾರ್ಯಕ್ರಮ ಬಂದಾಗ ರಾಮ್ಸೆಯನ್ನು ಕಲಿಯಲು ಬಂದ ಶಿಷ್ಯನಂತೆ ತೋರಿಸಲಾಗಿತ್ತು. ಕೊನೆಯ ಅಡುಗೆಯ ರುಚಿ ನೋಡಿ ಅಭಿಪ್ರಾಯ ಹೇಳುವವರು ಊರಿನ ಹಿರಿಯರೇ.

ಅದೇ ಕಾರ್ಯಕ್ರಮ ಎರಡನೆಯ ಸರಣಿಯಲ್ಲಿ, 2020ರಲ್ಲಿ, ನಮ್ಮ ಕೊಡಗಿಗೆ ಬಂತು. ಚೆನ್ನೈಯ ಬಾಣಸಿಗರಾದ ಶ್ರೀ ಬಾಲಾ ಮಾರ್ಗದರ್ಶಿ, ಪಂದಿ ಕರಿ ಅದರಲ್ಲೊಂದು ಪಾಠ. ಕಂತಿನ ಹೆಸರಿನಲ್ಲಿ ಭಾರತದ ‘ಸಂಬಾರ ಕರಾವಳಿ’. ಸಾವಿರ ಮೀಟರಿಗೂ ಎತ್ತರದಲ್ಲಿ ಕೂತಿರುವ ಮಡಿಕೇರಿಯವರಿಗೆ ಸಮುದ್ರ ಯಾವಾಗ ಬಂತು ಎಂದು ಕೇಳಬೇಕು! ಕಂತು ಕೇರಳಕ್ಕೂ ಹೋಗುತ್ತದೆ, ಆದ್ದರಿಂದ ಸಮಜಾಯಿಷಿ ಇದೆ. ಆದರೂ ದೂರದಿಂದ ನೋಡುವವರಿಗೆ ಘಟ್ಟವೂ ಕರಾವಳಿಯೂ ಒಂದೇ ಹಸಿರು.

ನನ್ನ ಪರಿಚಯದ ಕೊಡವ ಹಿರಿಯರೊಬ್ಬರು ಟಿವಿಯಲ್ಲಿ ಯಾರೇ ಪಂದಿ ಕರಿ ಮಾಡಲಿ, ಎರಡೇ ವಿಷಯ ಗಮನಿಸುತ್ತಾರೆ. ಮೆಣಸು, ಜೀರಿಗೆ, ಕೊತ್ತಂಬರಿ ಯಾವ ಬಣ್ಣಕ್ಕೆ ಬರುವವರೆಗೆ ಹುರಿಯುತ್ತಾರೆ ಎಂಬುದು ಒಂದು. ಕಂದು ಬಣ್ಣಕ್ಕೆ ಇಳಿಸಿಬಿಟ್ಟರೆ ‘ಹೆದರಿದ’ ಎನ್ನುತ್ತಾರೆ. ಕಾಫಿಪುಡಿಯಷ್ಟು ಕಪ್ಪಾಗಬೇಕು, ಸೀಯಬಾರದು. ಇನ್ನೊಂದು ಕಾಚಂಪುಳಿ. ಮಳೆಗಾಲದಲ್ಲಿ ಉದುರುವ ಹಣ್ಣನ್ನು (ಮಲೆನಾಡಿನವರು ಉಪ್ಪಾಗೆ ಎನ್ನುವ ಅದೇ ಮರದ ಹಣ್ಣು) ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕರೀ ಪಾಕವಾಗುವವರೆಗೆ ಕಾಯಿಸಿ ಇಳಿಸಿದ ಹುಳಿ ಅದು. ವರ್ಷಗಟ್ಟಲೆ ಕೆಡುವುದಿಲ್ಲ. ಚಮಚ ಲೆಕ್ಕದಲ್ಲಿ, ಅಡುಗೆ ಮುಗಿಯುತ್ತಾ ಬಂದಾಗ ಹಾಕುವಂಥದ್ದು. ದಕ್ಷಿಣ ಕನ್ನಡದ ನೋಡುಗರು ಇದನ್ನು ನಮ್ಮ ಪುನರ್ಪುಳಿಯೇ ಅಂದುಕೊಳ್ಳುತ್ತಾರೆ. ಒಂದೇ ಕುಲದ ಮರಗಳು, ಆದರೆ ಹಣ್ಣೂ ಬೇರೆ, ಹುಳಿಯ ಗುಣವೂ ಬೇರೆ. ಆ ಹಿರಿಯರು ನಿರೂಪಕನ ಮುಖ ನೋಡುವುದೇ ಇಲ್ಲ. ಅವನು ಕಣ್ಣು ಮುಚ್ಚಿ ‘ಅದ್ಭುತ’ ಎನ್ನುವಾಗ ಅವರು ಎದ್ದು ನೀರು ಕುಡಿಯಲು ಹೋಗಿರುತ್ತಾರೆ. ಪಂದಿ ಕರಿಯ ಪಕ್ಕ ಕಡಂಬುಟ್ಟು ಇತ್ತಾ ಎಂದು ಒಳಗಿನಿಂದಲೇ ಕೂಗಿ ಕೇಳುತ್ತಾರೆ.

ಈ ಮಾತುಗಳನ್ನು ಕಾರ್ಯಕ್ರಮ ಮಾಡುವವರು ಕೇಳಿಸಿಕೊಳ್ಳುವುದೇ ಇಲ್ಲ ಎಂಬುದು ನನ್ನ ದೂರು. ಕನ್ನಡದ ಚಾನೆಲ್ಲುಗಳೂ ಇದಕ್ಕೆ ಹೊರತಲ್ಲ. ನಮ್ಮಲ್ಲಿ ನಿರೂಪಕರು ಉತ್ತರ ಕರ್ನಾಟಕಕ್ಕೆ ಹೋದರೆ ರೊಟ್ಟಿ, ಎಣ್ಣೆಗಾಯಿ; ಮಂಡ್ಯಕ್ಕೆ ಹೋದರೆ ಮುದ್ದೆ, ಬಸ್ಸಾರು; ಕರಾವಳಿಗೆ ಹೋದರೆ ಮೀನು. ಮೊದಲೇ ಬರೆದುಕೊಂಡು ಹೋದದ್ದನ್ನೇ ತಿಂದು ಬರುತ್ತಾರೆ. ಬೀದರಿನವರು ಮೂರು ಹೊತ್ತೂ ರೊಟ್ಟಿಯನ್ನೇ ತಿನ್ನುತ್ತಾರೆ ಎಂದು ಬೆಂಗಳೂರಿನ ಮಕ್ಕಳು ನಂಬಿದ್ದರೆ ಮಕ್ಕಳ ತಪ್ಪಲ್ಲ.

ಚಾನೆಲ್ಲಿನವರು ಯಾರಾದರೂ ಈ ಸಭೆಯಲ್ಲಿದ್ದರೆ ಒಂದು ಸಲಹೆ. ಕಂತು ಪ್ರಸಾರವಾದ ವಾರದೊಳಗೆ ಅದೇ ಊರಿಗೆ ಮತ್ತೆ ಹೋಗಿ. ಶಾಲೆಯ ಹಾಲಿನಲ್ಲೋ ಪಂಚಾಯಿತಿ ಕಟ್ಟೆಯ ಮುಂದೋ ಪರದೆ ಕಟ್ಟಿ, ತೋರಿಸಿದ್ದನ್ನು ಅಲ್ಲಿಯವರಿಗೇ ತೋರಿಸಿ. ಅವರು ನೋಡುವಾಗ ಆಡುವ ಮಾತುಗಳನ್ನು, ನಗುವನ್ನು, ಬೈಗುಳವನ್ನು ಚಿತ್ರೀಕರಿಸಿ, ಮುಂದಿನ ವಾರ ಅರ್ಧ ಗಂಟೆ ಅದನ್ನೇ ಹಾಕಿ. ನಿರೂಪಕ ಎದುರಿಗೇ ಕೂತಿರಲಿ, ಮೈಕು ಮಾತ್ರ ಅವನ ಕೈಯಲ್ಲಿ ಬೇಡ. ಖರ್ಚು ಹೆಚ್ಚಿಲ್ಲ. ತೊಂದರೆ ಬರುವುದಾದರೆ ಪ್ರಾಯೋಜಕರಿಂದ. ಮಸಾಲೆ ಪುಡಿ ಕಂಪನಿಯವರು ಇದಕ್ಕೆ ಜಾಹೀರಾತು ಕೊಡುತ್ತಾರೆಂದು ನನಗನ್ನಿಸುವುದಿಲ್ಲ. ಇದಕ್ಕೆ ಅಂಗಡಿ ಪುಡಿ ಹಾಕಬಾರದು ಎಂದು ಮೊದಲ ಐದು ನಿಮಿಷದಲ್ಲೇ ಯಾರಾದರೂ ಅಜ್ಜಿ ಹೇಳಿಬಿಡುತ್ತಾರೆ.